ತ್ರಿಪದಿಯ ರೂಪ, ಲಯ ಮತ್ತು ನಾದ: ಕಪ್ಪೆ ಅರಭಟ್ಟನ ಶಾಸನಪದ್ಯಗಳ ಒಂದು ವಿಶ್ಲೇಷಣೆ

1

ಪದ್ಯವೊಂದರ ಛಂದಸ್ಸನ್ನು ಗುರುತಿಸುವುದೆಂದರೆ ಪ್ರಸ್ತಾರ ಹಾಕಿ, ಗಣಗಳನ್ನು ಬಿಡಿಸಿ, ಅದರ ಹೆಸರನ್ನು ಹೇಳುವುದು ಎಂಬ ಭಾವನೆ ನಮ್ಮ ವಿದ್ಯಾಭ್ಯಾಸ ಕ್ರಮದಲ್ಲಿ ಬೇರೂರಿದೆ. ಪದ್ಯದ ಅರ್ಥ, ಅಲಂಕಾರ, ರಸಗಳ ವಿಚಾರ ಬೇರೆ ಅಧ್ಯಾಯಕ್ಕೆ ಸೇರುತ್ತದೆ. ನಾದದ ವಿಚಾರವಂತೂ ಬಹುಮಟ್ಟಿಗೆ ಯಾವ ಅಧ್ಯಾಯಕ್ಕೂ ಸೇರುವುದಿಲ್ಲ. ಹೀಗಾಗಿ ಪ್ರಸ್ತಾರವು ಪದ್ಯದ ಬಾಗಿಲಾಗುವ ಬದಲು ಅದರ ಕೊನೆಯ ಗೋಡೆಯಾಗಿಬಿಡುತ್ತದೆ. ಗಣವಿಭಜನೆ ಸರಿಹೋದರೆ ಕೆಲಸ ಮುಗಿಯಿತು. ಸರಿಹೋಗದಿದ್ದರೆ ಪಾಠ ಕೆಟ್ಟಿದೆಯೆಂದೋ ಕವಿ ತಪ್ಪಿದನೆಂದೋ ತೀರ್ಮಾನವಾಗುತ್ತದೆ. ಈ ಎರಡನೆಯ ತೀರ್ಮಾನದಿಂದ ಹಳೆಯ ಪದ್ಯಗಳಿಗೆ ಆಗಬಹುದಾದ ಹಾನಿ ಸಣ್ಣದಲ್ಲ.

ರೂಪ, ಲಯ, ನಾದ ಎಂಬ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸಿ, ಅನಂತರ ಒಂದಕ್ಕೊಂದನ್ನು ಜೋಡಿಸಿ ನೋಡಿದಾಗ ಒಂದು ಪದ್ಯ ಏನನ್ನು ತಿಳಿಸಬಲ್ಲದು ಎಂಬುದನ್ನು ನಿರ್ದಿಷ್ಟ ನಿದರ್ಶನವೊಂದರ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಆರಿಸಿಕೊಂಡಿರುವುದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳನ್ನು. ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಲಿಪಿಯ ಆಧಾರದಿಂದ ಅದು ಸು. ಕ್ರಿ.ಶ. 700ಕ್ಕೆ ಸೇರಿದುದೆಂದು ವಿದ್ವಾಂಸರು ಒಪ್ಪಿದ್ದಾರೆ. ಬಂಡೆಯ ಮೇಲೆ ಹತ್ತು ಸಾಲುಗಳಲ್ಲಿ ಕೊರೆದಿರುವ ಈ ಬರಹದಲ್ಲಿ ಒಂದು ಸಂಸ್ಕೃತ ಶ್ಲೋಕವೂ ಮೂರು ಕನ್ನಡ ತ್ರಿಪದಿಗಳೂ ಇವೆ. ನಮಗೆ ಇದುವರೆಗೆ ದೊರೆತಿರುವ ತ್ರಿಪದಿಗಳಲ್ಲಿ ಇವೇ ಅತ್ಯಂತ ಪ್ರಾಚೀನ. ಇವು ವಿದ್ವತ್ಪ್ರಪಂಚಕ್ಕೂ ವಿದ್ಯಾರ್ಥಿಗಳಿಗೂ ಸುಪರಿಚಿತವಾಗಿರುವುದರಿಂದ ಇಲ್ಲಿ ಪಾಠವನ್ನು ಮತ್ತೆ ಉದ್ಧರಿಸದೆ, ಬಹುಮಾನ್ಯವಾದ ಪಾಠವನ್ನು ಸಂಧಿಸಹಿತವಾಗಿ ಓದಿಕೊಂಡು ವಿಶ್ಲೇಷಿಸಲಾಗಿದೆ.

2

ಮೊದಲು ಲಕ್ಷಣವನ್ನು ನೆನಪಿಸಿಕೊಳ್ಳುವುದು ಉಚಿತ. ತ್ರಿಪದಿಯ ಲಕ್ಷಣವನ್ನು ಹೇಳುವ ನಾಗವರ್ಮನ 'ಛಂದೋಂಬುಧಿ' ಸು. 990ರ ಗ್ರಂಥ, ಎಂದರೆ ಈ ಶಾಸನಕ್ಕಿಂತ ಹೆಚ್ಚುಕಡಮೆ ಮೂರು ಶತಮಾನ ಈಚಿನದು. ಲಕ್ಷ್ಯ ಮೊದಲು, ಲಕ್ಷಣ ಅನಂತರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ದೊರೆಯುವುದು ಕಷ್ಟ. ಆ ಲಕ್ಷಣದಂತೆ ತ್ರಿಪದಿಯಲ್ಲಿ ಒಟ್ಟು 11 ಅಂಶಗಣಗಳು. ಮೊದಲ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು, ಮೂರನೆಯ ಪಾದದಲ್ಲಿ ಮೂರು. ಇವುಗಳಲ್ಲಿ 6ನೆಯ ಮತ್ತು 10ನೆಯ ಸ್ಥಾನಗಳಲ್ಲಿ ಬ್ರಹ್ಮಗಣ. ಉಳಿದ ಒಂಬತ್ತೂ ವಿಷ್ಣುಗಣ.

ಅಂಶಗಣದ ಸ್ವರೂಪವು ಮಾತ್ರಾಗಣಕ್ಕಿಂತ ಮೂಲಭೂತವಾಗಿ ಬೇರೆ. ಬ್ರಹ್ಮಗಣದಲ್ಲಿ ಎರಡು, ವಿಷ್ಣುಗಣದಲ್ಲಿ ಮೂರು, ರುದ್ರಗಣದಲ್ಲಿ ನಾಲ್ಕು ಅಂಶಗಳು. ಮೊದಲ ಅಂಶ ಒಂದು ಗುರುವಾಗಿರಬೇಕು, ಇಲ್ಲವೆ ಎರಡು ಲಘುಗಳಾಗಿರಬೇಕು. ಉಳಿದ ಅಂಶಗಳು ಗುರುವಾಗಲಿ ಲಘುವಾಗಲಿ ಒಂದೊಂದೇ ಅಕ್ಷರ. ಆದ್ದರಿಂದ ಬ್ರಹ್ಮಗಣಕ್ಕೆ 4, ವಿಷ್ಣುಗಣಕ್ಕೆ 8, ರುದ್ರಗಣಕ್ಕೆ 16 ರೂಪಗಳು ಸಾಧ್ಯ. 'ಮಲ್ಲಿಗೆ' ಎಂಬ ಪದ ನಾಲ್ಕು ಮಾತ್ರೆಯದು. 'ಮನೆಯಲ್ಲಿ' ಐದು ಮಾತ್ರೆಯದು. ಹಳಗನ್ನಡದ 'ಮರದಿಂದಂ' ಆರು ಮಾತ್ರೆಯದು. ಮೂರೂ ವಿಷ್ಣುಗಣಗಳೇ. ಹಾಗೆಯೇ 'ಮರಕೆ' ಎಂಬ ಮೂರು ಮಾತ್ರೆಯ ಪದವೂ 'ಊರೊಳ್' ಎಂಬ ನಾಲ್ಕು ಮಾತ್ರೆಯ ಪದವೂ ಬ್ರಹ್ಮಗಣಗಳೇ. ವಿಷ್ಣುಗಣದ ಎಂಟು ರೂಪಗಳನ್ನು ಲೆಕ್ಕ ಹಾಕಿದರೆ ಎರಡು ನಾಲ್ಕು ಮಾತ್ರೆಯವು, ನಾಲ್ಕು ಐದು ಮಾತ್ರೆಯವು, ಎರಡು ಆರು ಮಾತ್ರೆಯವು. ಐದು ಮಾತ್ರೆಯ ರೂಪಗಳು ಉಳಿದವುಗಳಿಗಿಂತ ಹೆಚ್ಚಾಗಿವೆ. ಮುಂದಿನ ಶತಮಾನಗಳಲ್ಲಿ ವಿಷ್ಣುಗಣವು ಐದು ಮಾತ್ರೆಗೆ ಒಲಿದುದರ ಬೀಜ ಈ ಸಂಖ್ಯಾಬಲದಲ್ಲಿಯೇ ಇದೆಯೆನ್ನಬಹುದು.

ಈ ಹಿನ್ನೆಲೆಯಲ್ಲಿ ಶಾಸನದ ಮೊದಲ ತ್ರಿಪದಿಯನ್ನು ನೋಡೋಣ. ಅದು ಅರಭಟ್ಟನ ಗುಣವರ್ಣನೆ: ಒಳ್ಳೆಯವರಿಗೆ ಒಳ್ಳೆಯವನು, ಮಧುರ ಸ್ವಭಾವದವರಿಗೆ ಮಧುರನು, ಬಾಧಿಸುವ ಕಲಿಗೆ ಎದುರಾಗಿ ನಿಲ್ಲುವವನು, ಸಾಕ್ಷಾತ್ ಮಾಧವನೇ ಹೊರತು ಬೇರೆಯವನಲ್ಲ ಎಂಬುದು ಅದರ ತಾತ್ಪರ್ಯ. ಅದರ ಪ್ರಸ್ತಾರ ಹೀಗಿದೆ (– ಗುರು, ∪ ಲಘು):

ಮೊದಲನೆಯ ಪಾದ: – ∪ ∪ | – ∪ – | – – ∪ | – – –
ಎರಡನೆಯ ಪಾದ: – – ∪ | ∪ ∪ ∪ | ∪ ∪ ∪ ∪ | ∪ ∪ – –
ಮೂರನೆಯ ಪಾದ: – ∪ ∪ | – – | ∪ ∪ – ∪

ಹನ್ನೊಂದು ಗಣಗಳೂ ನಾಗವರ್ಮನ ಲಕ್ಷಣಕ್ಕೆ ಒಂದಿಷ್ಟೂ ಕುಂದಿಲ್ಲದಂತೆ ಹೊಂದುತ್ತವೆ. 6ನೆಯದೂ 10ನೆಯದೂ ಬ್ರಹ್ಮಗಣಗಳೇ. ಆದರೆ ಮಾತ್ರೆಗಳನ್ನು ಎಣಿಸಿದರೆ ಮೊದಲ ಪಾದದಲ್ಲಿ 4, 5, 5, 6. ಎರಡನೆಯದರಲ್ಲಿ 5, 3, 4, 6. ಮೂರನೆಯದರಲ್ಲಿ 4, 4, 5. ವಿಷ್ಣುಗಣದ ಮೂರು ಪ್ರಮಾಣಗಳೂ ಬ್ರಹ್ಮಗಣದ ಎರಡು ಪ್ರಮಾಣಗಳೂ ಈ ಒಂದೇ ಪದ್ಯದಲ್ಲಿ ಬಂದಿವೆ. ಪಾದಗಳ ಮೊತ್ತ ಮಾತ್ರ 20, 18, 13. ವಿಷ್ಣುಗಣವೆಲ್ಲವನ್ನೂ ಐದು ಮಾತ್ರೆ, ಬ್ರಹ್ಮಗಣವನ್ನು ಮೂರು ಮಾತ್ರೆ ಎಂದಿಟ್ಟುಕೊಂಡರೆ ಬರುವ ಮೊತ್ತವೂ ಇದೇ ಆಗಿದೆ. ಪಾದದ ಮೊತ್ತ ಸಮ, ಒಳಗಿನ ಹಂಚಿಕೆ ವಿಷಮ.

ಇದು ಆಕಸ್ಮಿಕವೋ ನಿಯಮವೋ ಎಂಬ ಪ್ರಶ್ನೆಗೆ ಮೂರನೆಯ ತ್ರಿಪದಿ ಉತ್ತರ ನೀಡುತ್ತದೆ. ಕಟ್ಟಿಹಾಕಿದ ಸಿಂಹವನ್ನು, ನಮಗೇನು ಕೇಡೆಂದು ಬಿಟ್ಟಂತೆ, ಇವನನ್ನು ಕೆಣಕಿದ ಹಗೆಗಳು ಕೆಟ್ಟರು, ಸತ್ತರು ಎಂಬ ಭಾವದ ಆ ಪದ್ಯದ ಪ್ರಸ್ತಾರವಿದು:

ಮೊದಲನೆಯ ಪಾದ: – ∪ ∪ | – ∪ – | – ∪ – | ∪ ∪ – ∪
ಎರಡನೆಯ ಪಾದ: – ∪ – | ∪ ∪ ∪ | ∪ ∪ – – | ∪ ∪ – –
ಮೂರನೆಯ ಪಾದ: – – – | – ∪ | ∪ ∪ – –

ಇಲ್ಲಿಯೂ ಹನ್ನೊಂದು ಗಣಗಳು ನಿರ್ದುಷ್ಟ. ಆದರೆ ಪಾದಗಳ ಮಾತ್ರಾಮೊತ್ತ 19, 20, 15. ಎಂದರೆ ಮೊದಲ ಪದ್ಯದ ಮೊತ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾತ್ರಾಲಯಕ್ಕೆ ಪಳಗಿದ ಕಿವಿಗೆ ಮೊದಲನೆಯ ಪದ್ಯ ಎಡವುತ್ತ ನಡೆದಂತೆಯೂ ಮೂರನೆಯದು ಅಳತೆ ಮೀರಿದಂತೆಯೂ ತೋರಬಹುದು. ಎರಡೂ ತಪ್ಪು ತಿಳಿವಳಿಕೆಗಳು. ಕವಿ ಎಣಿಸುತ್ತಿದ್ದುದು ಮಾತ್ರೆಗಳನ್ನಲ್ಲ, ಅಂಶಗಳನ್ನು. ಅಂಶವು ಗುರುವಾದರೂ ಲಘುವಾದರೂ ಹಾಡುವ ಕಂಠದಲ್ಲಿ ಒಂದೇ ಹೆಜ್ಜೆ. ಲಘುವನ್ನು ಎಳೆದು, ಗುರುವನ್ನು ಒತ್ತಿ ಹೆಜ್ಜೆಯನ್ನು ಸಮಗೊಳಿಸುವುದು ಗಾಯಕನ ಹೊಣೆ. ಮೊದಲ ಪದ್ಯವೊಂದನ್ನೇ ನೋಡಿ ಮಾತ್ರೆಯ ಲೆಕ್ಕ ಹಾಕಿದ್ದರೆ, ತ್ರಿಪದಿ ಆ ಕಾಲಕ್ಕಾಗಲೇ ಮಾತ್ರಾಬದ್ಧವಾಗುತ್ತಿತ್ತು ಎಂಬ ಆಕರ್ಷಕವಾದ, ಆದರೆ ಆಧಾರವಿಲ್ಲದ ನಿರ್ಣಯಕ್ಕೆ ನಾವು ಬರುತ್ತಿದ್ದೆವು.

3

ಪ್ರಸ್ತಾರವು ರೂಪವನ್ನು ಹೇಳಿತು. ಆದರೆ ಒಂದೇ ರೂಪದ ಎರಡು ಪದ್ಯಗಳು ಕಿವಿಗೆ ಇಷ್ಟು ಬೇರೆಯಾಗಿ ಕೇಳುವುದೇಕೆ? ಇದಕ್ಕೆ ಉತ್ತರ ಗುರುಲಘುಗಳ ಹಂಚಿಕೆಯಲ್ಲಿಯೂ ಆ ಗುರುಗಳು ಹುಟ್ಟುವ ಬಗೆಯಲ್ಲಿಯೂ ಇದೆ.

ಮೊದಲ ತ್ರಿಪದಿಯ ಮೊದಲ ಪಾದದಲ್ಲಿ ಗಣದಿಂದ ಗಣಕ್ಕೆ ಗುರುಗಳ ಸಂಖ್ಯೆ 1, 2, 2, 3 ಎಂದು ಏರುತ್ತದೆ. ಸೌಜನ್ಯವನ್ನು ಹೇಳುವ ಈ ಪಾದ ಹಗುರವಾಗಿ ತೊಡಗಿ, ತೂಕವನ್ನು ಕೂಡಿಸಿಕೊಳ್ಳುತ್ತ, ಮೂರು ಗುರುಗಳ ಮೇಲೆ ಬಂದು ನಿಲ್ಲುತ್ತದೆ. ಮಾಧುರ್ಯ ಎಂಬ ಶಬ್ದ ಇಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ ಅದು ಎರಡನೆಯ ಮತ್ತು ಮೂರನೆಯ ಗಣಗಳ ನಡುವೆ ಒಡೆದು ಹಂಚಿಹೋಗುತ್ತದೆ. ಎರಡನೆಯ ಸಲ ನಾಲ್ಕನೆಯ ಗಣವನ್ನು ಇಡಿಯಾಗಿ ತುಂಬುತ್ತದೆ. ಪದದ ಗಡಿಯೂ ಗಣದ ಗಡಿಯೂ ಮೊದಲು ಅಗಲಿ ಆಮೇಲೆ ಕೂಡುವ ಈ ಕ್ರಮದಿಂದ ಪುನರುಕ್ತಿಯೆನಿಸಬಹುದಾದ ಪದ ಎರಡನೆಯ ಸಲ ನೆಲೆ ಕಂಡಂತೆ ಕೇಳಿಸುತ್ತದೆ.

ಎರಡನೆಯ ಪಾದದಲ್ಲಿ ದೃಶ್ಯ ಬದಲಾಗುತ್ತದೆ. ಮೊದಲ ಪಾದದ 12 ಅಕ್ಷರಗಳಲ್ಲಿ 8 ಗುರುಗಳಿದ್ದರೆ ಇಲ್ಲಿನ 14 ಅಕ್ಷರಗಳಲ್ಲಿ ಗುರುಗಳು ನಾಲ್ಕು ಮಾತ್ರ. ಎರಡು ಮೊದಲಿಗೆ, ಎರಡು ಕೊನೆಗೆ. ನಡುವೆ ಹತ್ತು ಲಘುಗಳು ಒಂದರ ಬೆನ್ನಿಗೊಂದು ಓಡುತ್ತವೆ. ಬಾಧಕನಾದ ಕಲಿಯ ಪ್ರಸ್ತಾಪ ಬರುವುದು ಈ ಓಟದಲ್ಲಿಯೇ. 'ಕಲಿ' ಎಂಬ ಮಾತು ವೀರನನ್ನೂ ಕಲಿಪುರುಷನನ್ನೂ ಸೂಚಿಸಬಲ್ಲದು; ಅದು 6ನೆಯ ಗಣದ ಮೊದಲಲ್ಲಿಯೂ 7ನೆಯ ಗಣದ ಮೊದಲಲ್ಲಿಯೂ ಎರಡು ಪೆಟ್ಟಿನಂತೆ ಬೀಳುತ್ತದೆ. ಮೂರನೆಯ ಪಾದದಲ್ಲಿ ಗತಿ ಮತ್ತೆ ಶಾಂತವಾಗಿ, ಎರಡು ಗುರುಗಳ ಬ್ರಹ್ಮಗಣದಿಂದ ಇವನೇ ಅವನು ಎಂಬ ನಿರ್ಧಾರಕ್ಕೆ ಒತ್ತು ದೊರೆಯುತ್ತದೆ. ಎರಡು ಬ್ರಹ್ಮಗಣಗಳಲ್ಲಿ ಒಂದು ಸರ್ವಲಘು, ಇನ್ನೊಂದು ಸರ್ವಗುರು. ಲಕ್ಷಣದ ದೃಷ್ಟಿಯಿಂದ ಅವು ಸಮಾನ. ಪದ್ಯದೊಳಗೆ ಅವುಗಳ ಕೆಲಸ ವಿರುದ್ಧ.

ಮೂರನೆಯ ತ್ರಿಪದಿಯ ಕೊನೆಯ ಪಾದವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಹಗೆಗಳ ನಾಶವನ್ನು ಹೇಳುವ ಮೊದಲ ನಾಲ್ಕು ಅಕ್ಷರಗಳೂ ಗುರುಗಳು. ಆ ನಾಲ್ಕೂ ವ್ಯಂಜನದಲ್ಲಿ ಮುಚ್ಚಿಕೊಳ್ಳುವ ಗುರುಗಳು. ಬಾಯಿ ತೆರೆದಂತೆಯೇ ಮುಚ್ಚುತ್ತದೆ. ಮೊದಲ ಪದ್ಯದ ಮೂರು ಪಾದಗಳೂ ಇದಕ್ಕೆ ಪ್ರತಿಯಾಗಿ ದೀರ್ಘವಾದ ಆಕಾರದಿಂದ, ಎಂದರೆ ತೆರೆದ ಗುರುವಿನಿಂದ ತೊಡಗುತ್ತವೆ. ಪ್ರಸ್ತಾರದಲ್ಲಿ ಎರಡಕ್ಕೂ ಒಂದೇ ಗೆರೆ. ಸ್ವರದ ದೀರ್ಘತೆಯಿಂದ ಬಂದ ಗುರುವಿಗೂ ಒತ್ತಕ್ಷರದ ಹಿಂದೆ ನಿಂತು ಬಂದ ಗುರುವಿಗೂ ಗಣಶಾಸ್ತ್ರ ಭೇದವೆಣಿಸುವುದಿಲ್ಲ.

ಆದರೆ ನಮ್ಮ ಲಾಕ್ಷಣಿಕರು ಈ ಭೇದವನ್ನು ಕಾಣದೆ ಹೋದವರಲ್ಲ. ಗಣಪ್ರಕರಣದಲ್ಲಿ ಬಿಟ್ಟುದನ್ನು ಅವರು ಪ್ರಾಸಪ್ರಕರಣದಲ್ಲಿ ಹಿಡಿದಿದ್ದಾರೆ. ಪ್ರಾಸಾಕ್ಷರದ ಹಿಂದೆ ಹ್ರಸ್ವಸ್ವರವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವು ವಿಜಾತೀಯ ಒತ್ತಕ್ಷರವಾದರೆ ಶರಭ, ಸಜಾತೀಯವಾದ ದಡ್ಡಕ್ಕರವಾದರೆ ಹಯ. ಈ ಷಟ್ಪ್ರಾಸಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುವ ಪಟ್ಟಿಯೆಂದು ನಾವು ಬಗೆದಿದ್ದೇವೆ. ವಾಸ್ತವವಾಗಿ ಅದು ಪಾದದ ಮೊದಲ ಅಕ್ಷರ ಯಾವ ಬಗೆಯ ನಾದದಿಂದ ತೂಕ ಪಡೆಯುತ್ತದೆ ಎಂಬುದರ ವರ್ಗೀಕರಣ.

ಈ ದೃಷ್ಟಿಯಿಂದ ಮೊದಲ ತ್ರಿಪದಿ ಗಜಪ್ರಾಸದ್ದು. ಆಕಾರದ ಮುಂದೆ ಧಕಾರ ಬರುವ ಈ ನಾದ ಪಾದಗಳ ಆದಿಯಲ್ಲಿ ಮೂರು ಸಲ ಮಾತ್ರವಲ್ಲದೆ ಪದ್ಯದಲ್ಲಿ ಒಟ್ಟು ಆರು ಸಲ ಕೇಳಿಬರುತ್ತದೆ. ಅದರಲ್ಲಿ ನಾಲ್ಕು ಸಲ ಮೊದಲ ಪಾದವೊಂದರಲ್ಲಿಯೇ. ಮೂರನೆಯ ತ್ರಿಪದಿ ಹಯಪ್ರಾಸದ್ದು. ಕಟ್ಟುವುದು, ಕೆಡುವುದು, ಬಿಡುವುದು ಎಂಬ ಅರ್ಥದ ಮಾತುಗಳಲ್ಲಿ ಟಕಾರದ ದ್ವಿತ್ವ ನಾಲ್ಕು ಸಲ ಬಡಿಯುತ್ತದೆ. ಸಾಧುವಾದವನ ವರ್ಣನೆಗೆ ತೆರೆದ ದೀರ್ಘ ಮತ್ತು ಘೋಷವ್ಯಂಜನ; ಹಗೆಯ ನಾಶದ ವರ್ಣನೆಗೆ ಮುಚ್ಚಿದ ಹ್ರಸ್ವ ಮತ್ತು ಕರ್ಕಶವಾದ ದಡ್ಡಕ್ಕರ. ಯಾವ ವ್ಯಂಜನಕ್ಕೂ ಸ್ವತಃ ಇಂಥದೇ ಅರ್ಥವಿಲ್ಲವೆಂಬುದು ನಿಜ. ಟಕಾರದ ದ್ವಿತ್ವವಿರುವ ಮೃದುವಾದ ಮಾತುಗಳೂ ಕನ್ನಡದಲ್ಲಿವೆ. ತೊಟ್ಟಿಲು ಎಂಬುದೇ ಸಾಕ್ಷಿ. ಆದರೆ ಒಂದೇ ಬಂಡೆಯ ಮೇಲೆ, ಒಂದೇ ಛಂದಸ್ಸಿನಲ್ಲಿ, ಒಬ್ಬನೇ ವ್ಯಕ್ತಿಯ ಎರಡು ಮುಖಗಳನ್ನು ಹೇಳುವಾಗ ಎರಡು ಬಗೆಯ ಪ್ರಾಸಗಳು ಎದುರುಬದುರಾಗಿ ನಿಂತಿರುವುದರಿಂದ ಅರ್ಥವು ನಾದದ ಆಸರೆ ಪಡೆದಿದೆಯೆಂದು ಹೇಳಲು ಅಡ್ಡಿಯಿಲ್ಲ.

4

ಇನ್ನು ಎರಡನೆಯ ತ್ರಿಪದಿಯ ವಿಚಾರ. ಒಳ್ಳಿತು ಕೆಡುಕುಗಳನ್ನೂ ಪುರಾಕೃತದ ಫಲವನ್ನೂ ಕುರಿತ ಈ ಪದ್ಯ ಅರ್ಥದ ದೃಷ್ಟಿಯಿಂದ ಚರ್ಚಾಸ್ಪದವಾದುದು. ಛಂದಸ್ಸಿನ ದೃಷ್ಟಿಯಿಂದ ಅದರ ಹತ್ತು ಗಣಗಳು ಸುಗಮ. 8ನೆಯ ಗಣ ಮಾತ್ರ ತೊಡಕಿನದು. ಅಲ್ಲಿ 'ಪುರಾಕೃತ' ಎಂಬ ಸಂಸ್ಕೃತ ಸಮಸ್ತಪದ ಬರುತ್ತದೆ. ಅದರ ಆರಂಭದಲ್ಲಿ ಲಘುವಿನ ಮುಂದೆ ಗುರುವಿದೆ. ವಿಷ್ಣುಗಣದ ಎಂಟು ರೂಪಗಳಲ್ಲಿ ಒಂದೂ ಇಂಥ ಆರಂಭವನ್ನು ಒಪ್ಪುವುದಿಲ್ಲ.

ಇಂಥ ಸ್ಥಳದಲ್ಲಿ ಪಾಠವನ್ನು ತಿದ್ದಬೇಕೆಂಬ ಆಸೆ ಸಹಜ. ಆದರೆ ತಿದ್ದುವ ಮುನ್ನ ಸುತ್ತಲಿನ ಸಾಕ್ಷ್ಯವನ್ನು ನೋಡಬೇಕು. ಆ ಪದ್ಯದ 6ನೆಯ ಗಣ ಸರಿಯಾಗಿ ಬ್ರಹ್ಮಗಣವೇ ಆಗಿದೆ. ತೊಡಕಿನ ಗಣದ ಮುಂದೆಯೇ ಮೂರನೆಯ ಪಾದ ತನ್ನ ಪ್ರಾಸದೊಡನೆ ಸರಿಯಾದ ಸ್ಥಾನದಲ್ಲಿ ತೊಡಗುತ್ತದೆ. 10ನೆಯ ಗಣವೂ ಸರಿಯಾಗಿದೆ. ಆದ್ದರಿಂದ ಇಲ್ಲಿ ಅಕ್ಷರ ಲೋಪವಾಗಿದೆಯೆಂದು ಊಹಿಸಲು ಕಾರಣವಿಲ್ಲ. ದೇಶೀ ಛಂದಸ್ಸಿನೊಳಗೆ ಸಂಸ್ಕೃತದ ಪದವೊಂದು ತನ್ನ ಉಚ್ಚಾರಣೆಯೊಡನೆ ಬಂದು ಕುಳಿತಿದೆ. ಅದನ್ನು ಗಣದ ಹೆಜ್ಜೆಗೆ ಹೊಂದಿಸಿಕೊಳ್ಳುವುದನ್ನು ಕವಿ ವಾಚಕನ ಕಂಠಕ್ಕೆ ಬಿಟ್ಟಿದ್ದಾನೆ. ಪ್ರಾಚೀನ ಪಾಠವೊಂದರಲ್ಲಿ ಲಕ್ಷಣಕ್ಕೆ ಒಗ್ಗದ ಗಣ ಕಂಡಾಗ ಅದು ದೋಷವೆಂದು ಹೇಳುವುದಕ್ಕಿಂತ, ಎರಡು ಭಾಷೆಗಳ ಲಯಗಳು ಸಂಧಿಸಿದ ಗುರುತೆಂದು ದಾಖಲಿಸುವುದು ಹೆಚ್ಚು ಉಪಯುಕ್ತ.

ಪಾಠಸಂಪಾದನೆಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು ಹಳಗನ್ನಡ ಪದ್ಯಗಳನ್ನು ಪದವಿಂಗಡಣೆ ಮಾಡಿ ಮುದ್ರಿಸುವ ಪದ್ಧತಿ ಬೆಳೆದಿದೆ. ಅರ್ಥಗ್ರಹಣಕ್ಕೆ ಇದು ಸಹಾಯಕ. ಆದರೆ ಸಂಧಿ ಬಿಡಿಸಿದೊಡನೆ ವ್ಯಂಜನಾಂತ ಪದದ ಕೊನೆಯ ಅಕ್ಷರ ಗುರುವಾಗುತ್ತದೆ. ಮೊದಲ ತ್ರಿಪದಿಯ ಕೊನೆಯ ಗಣವನ್ನು ಬಿಡಿಸಿ ಬರೆದರೆ ∪ ∪ – ∪ ಎಂಬುದು ∪ – – ∪ ಎಂದಾಗಿ ಗಣವೇ ಕೆಡುತ್ತದೆ. ಅದೇ ಪದ್ಯದ 9ನೆಯ ಗಣವನ್ನು ಬಿಡಿಸಿದರೆ ನಾಲ್ಕು ಮಾತ್ರೆ ಐದಾಗುತ್ತದೆ. ಗಣ ಕೆಡುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಅಂಶಗಣದ ಸಡಿಲತೆ ಕವಿಗೆ ವರವಾದಂತೆ ಸಂಪಾದಕನ ತಪ್ಪಿಗೆ ಮರೆಯೂ ಆಗುತ್ತದೆ. ಪದವಿಂಗಡಣೆ ಮಾಡಿದ ಪಾಠದ ಜೊತೆಯಲ್ಲಿ ಸಂಧಿಸಹಿತ ಪಾಠವನ್ನೂ ಕೊಡುವುದು ಅಗತ್ಯವೆಂಬುದು ಇದರಿಂದ ಸ್ಪಷ್ಟ.

5

ಕೊನೆಯದಾಗಿ ಈ ಪದ್ಯಗಳ ಹಾಡಿಕೆಯ ಪ್ರಶ್ನೆ. ಕಲ್ಲು ಹಾಡುವುದಿಲ್ಲ, 1300 ವರ್ಷಗಳ ಹಿಂದಿನ ಮಟ್ಟನ್ನು ಯಾರೂ ಕೇಳಿಸಲಾರರು. ಆದರೂ ಪದ್ಯದ ಕಟ್ಟಿನಲ್ಲಿ ಹಾಡಿಕೆಯ ಕುರುಹುಗಳು ಉಳಿದಿರುವುದು ಸಾಧ್ಯ. ಅಕ್ಕಮಹಾದೇವಿಯ 'ಯೋಗಾಂಗ ತ್ರಿವಿಧಿ', ಸರ್ವಜ್ಞನ ವಚನಗಳು, ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟವಾದ 'ಗರತಿಯ ಹಾಡು' ಇವುಗಳ ಮೂಲಕ ತ್ರಿಪದಿ ನಮ್ಮ ಕಾಲದವರೆಗೂ ಹರಿದುಬಂದಿದೆ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಇದನ್ನು ಹಾಡುವ ಕ್ರಮ ಪ್ರಸಿದ್ಧವಾದುದು: ಮೊದಲ ಪಾದವನ್ನು ಹಾಡಿ, ಎರಡನೆಯ ಪಾದದ ಮೊದಲ ಮೂರು ಗಣಗಳಲ್ಲಿ ನಿಲ್ಲಿಸಿ, ಮತ್ತೆ ಆ ಪಾದವನ್ನು ಮೊದಲಿನಿಂದ ಇಡಿಯಾಗಿ ಹಾಡಿ, ಮೂರನೆಯ ಪಾದಕ್ಕೆ ಹೋಗುತ್ತಾರೆ. ಬರಹದಲ್ಲಿ 4, 4, 3 ಗಣಗಳಿರುವ ಮೂರು ಸಾಲು ಹಾಡಿನಲ್ಲಿ 4, 3, 4, 3 ಗಣಗಳ ನಾಲ್ಕು ಸಾಲಾಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ನಡುವಿನ ಗಣ ಬ್ರಹ್ಮಗಣ. 6 ಮತ್ತು 10ನೆಯ ಸ್ಥಾನಗಳಿಗೇ ಬ್ರಹ್ಮಗಣವನ್ನು ಏಕೆ ವಿಧಿಸಲಾಗಿದೆಯೆಂಬುದು ಬರಹದಲ್ಲಿ ವಿಚಿತ್ರವಾಗಿ ಕಂಡರೂ ಹಾಡಿನಲ್ಲಿ ಸಹಜವಾಗಿದೆ: ಸಮಸ್ಥಾನದ ಎರಡು ಸಾಲುಗಳೂ ಒಂದೇ ಅಚ್ಚಿನವು.

ಈ ಕ್ರಮವನ್ನು ಶಾಸನದ ಪದ್ಯಗಳಿಗೆ ಅನ್ವಯಿಸಿ ನೋಡಬಹುದು. ಎರಡನೆಯ ಮತ್ತು ಮೂರನೆಯ ತ್ರಿಪದಿಗಳಲ್ಲಿ ಎರಡನೆಯ ಪಾದದ ಮೂರನೆಯ ಗಣಕ್ಕೆ ನಾಯಕನ ವಿಶೇಷಣ ಮುಗಿಯುತ್ತದೆ. ಅಲ್ಲಿ ನಿಲ್ಲುವುದಕ್ಕೂ ಮತ್ತೆ ಮೊದಲಿನಿಂದ ಹಿಡಿಯುವುದಕ್ಕೂ ಅವಕಾಶವಿದೆ. ಮೊದಲನೆಯದರಲ್ಲಿ ಮಾತ್ರ ಸಮಾಸವೊಂದು ಆ ಸ್ಥಳದಲ್ಲಿ ಒಡೆಯುತ್ತದೆ. ಮೂರು ಪದ್ಯಗಳಲ್ಲಿಯೂ 6ನೆಯ ಗಣದಲ್ಲಿ ಒಂದೇ ಪದ, ಅದೇ ಮೂರು ಲಘುಗಳ ರೂಪದಲ್ಲಿ ಬಂದಿದೆ ಎಂಬುದು ಇನ್ನೂ ಗಮನಾರ್ಹ. ಪಲ್ಲವಿಯಂತೆ ಮರಳಿ ಮರಳಿ ಬರುವ ಮಾತು ಛಂದಸ್ಸಿನ ಅತ್ಯಂತ ಕಿರಿದಾದ, ಸ್ಥಿರವಾದ ಸ್ಥಾನದಲ್ಲಿಯೇ ನೆಲೆಸಿದೆ.

ಒಳಪ್ರಾಸದ ಸಾಕ್ಷ್ಯ ಇದಕ್ಕಿಂತ ಬಲವಾದುದು. ಎರಡನೆಯ ಮತ್ತು ಮೂರನೆಯ ತ್ರಿಪದಿಗಳ ಮೊದಲ ಪಾದದಲ್ಲಿ ಪಾದಾದಿಯ ಪ್ರಾಸವೇ ಮೂರನೆಯ ಗಣದ ಆದಿಯಲ್ಲಿ ಮತ್ತೊಮ್ಮೆ ಬರುತ್ತದೆ. ಹೀಗೆ ನಾಲ್ಕು ಗಣಗಳ ಪಾದ ಎರಡೆರಡು ಗಣಗಳ ಎರಡು ಸಮಭಾಗಗಳಾಗಿ ಕಿವಿಗೆ ತಿಳಿಯುತ್ತದೆ. ಸರ್ವಜ್ಞನ ಪ್ರಸಿದ್ಧ ತ್ರಿಪದಿಗಳನ್ನು ಬಲ್ಲ ಯಾರೇ ಆದರೂ ಅವುಗಳ ಮೊದಲ ಪಾದವನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಇದೇ ಸ್ಥಾನದಲ್ಲಿ ಇದೇ ಪ್ರಾಸ ಮೇಲಿಂದ ಮೇಲೆ ಬರುವುದನ್ನು ಕಾಣಬಹುದು. ಅಂಶದಿಂದ ಮಾತ್ರೆಗೆ ಛಂದಸ್ಸಿನ ಒಳಗಟ್ಟು ಬದಲಾಯಿತು, ಭಾಷೆ ಹಳಗನ್ನಡದಿಂದ ಆಡುನುಡಿಯತ್ತ ಸರಿಯಿತು. ಪಾದವನ್ನು ನಡುವೆ ಮಡಿಸುವ ಈ ನಾದದ ಗುರುತು ಮಾತ್ರ ಉಳಿಯಿತು. ಇಂಥ ಗುರುತು ಬರಹದ ಪರಂಪರೆಗಿಂತ ಹಾಡಿನ ಪರಂಪರೆಯಲ್ಲಿ ಉಳಿದುಬರುವುದೇ ಹೆಚ್ಚು ಸಂಭವನೀಯ.

6

ಒಟ್ಟಿನಲ್ಲಿ ಹೇಳುವುದಾದರೆ, ಗಣವಿಭಜನೆ ಈ ಪದ್ಯಗಳು ತ್ರಿಪದಿಗಳೆಂಬುದನ್ನೂ ಅಂಶಲಯದವೆಂಬುದನ್ನೂ ನಿಶ್ಚಯಿಸಿತು. ಗುರುಲಘುಗಳ ಹಂಚಿಕೆ ಅರ್ಥದ ಏರಿಳಿತವನ್ನು ತೋರಿಸಿತು. ಪ್ರಾಸವಿಚಾರ ಒಂದೇ ಗುರುವಿನ ಎರಡು ನಾದಗಳನ್ನು ಬೇರ್ಪಡಿಸಿತು. ಹಾಡಿಕೆಯ ಕ್ರಮ ಲಕ್ಷಣಗ್ರಂಥ ಹೇಳದೆ ಬಿಟ್ಟ ಕಾರಣವನ್ನು ಸೂಚಿಸಿತು. ಇವುಗಳಲ್ಲಿ ಯಾವ ಒಂದನ್ನು ಬಿಟ್ಟರೂ ವಿಶ್ಲೇಷಣೆ ಅಪೂರ್ಣ.

ಎಫ್. ಕಿಟ್ಟೆಲ್ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಪ್ರಕಟಿಸಿದಂದಿನಿಂದ ಕನ್ನಡದ ಛಂದಶ್ಶಾಸ್ತ್ರ ಬಹಳ ದೂರ ಬಂದಿದೆ. ಡಿ.ಎಸ್. ಕರ್ಕಿ, ಸೇಡಿಯಾಪು ಕೃಷ್ಣಭಟ್ಟ, ಟಿ.ವಿ. ವೆಂಕಟಾಚಲಶಾಸ್ತ್ರೀ ಮೊದಲಾದವರ ಪರಿಶ್ರಮದಿಂದ ಲಕ್ಷಣದ ಪಕ್ಷ ಸಾಕಷ್ಟು ಸ್ಪಷ್ಟಗೊಂಡಿದೆ. ಈಗ ಆಗಬೇಕಾಗಿರುವುದು ಆ ಲಕ್ಷಣಜ್ಞಾನವನ್ನು ಒಂದೊಂದು ಪದ್ಯದ ಓದಿಗೆ ತಂದು ಹಚ್ಚುವ ಕೆಲಸ. ಶಾಸನಪದ್ಯಗಳನ್ನು ಇತಿಹಾಸದ ಆಕರಗಳೆಂದು ಓದಿದಷ್ಟು ಶ್ರದ್ಧೆಯಿಂದ ಪದ್ಯಗಳೆಂದೂ ಓದಿದರೆ, ತೀರಿಹೋಯಿತೆಂದು ನಾವು ಭಾವಿಸಿದ ದನಿಯ ಕೆಲವು ಅಂಶಗಳನ್ನಾದರೂ ಮರಳಿ ಪಡೆಯಬಹುದು. ಬಾದಾಮಿಯ ಬಂಡೆಯ ಮೇಲಿನ ಮೂರು ಚಿಕ್ಕ ಪದ್ಯಗಳು ಇಷ್ಟನ್ನು ಕೊಡಬಲ್ಲವಾದರೆ, ನಾಡಿನ ಉಳಿದ ಶಾಸನಪದ್ಯಗಳು ಏನನ್ನು ಕೊಡಬಲ್ಲವೆಂಬುದನ್ನು ಪರಿಶೀಲಿಸುವುದು ಮುಂದಿನ ಅಭ್ಯಾಸಿಗಳ ಹೊಣೆಯಾಗಿದೆ.